ಸೈನಿಕನ ಮನೆಯ ಮಕ್ಕಳ ಸಂಜೆ

ಸೈನಿಕನ ತ್ಯಾಗವನ್ನು ಕುರಿತು ನಮ್ಮಲ್ಲಿ ಮಾತಿಗೆ ಕೊರತೆಯಿಲ್ಲ. ಆಗಸ್ಟ್ 15 ಬಂದಿತೆಂದರೆ, ಡಿಸೆಂಬರ್ 7ರ ಧ್ವಜದಿನ ಬಂದಿತೆಂದರೆ ವೇದಿಕೆಗಳು ಅವನ ಗುಣಗಾನದಿಂದ ತುಂಬಿಹೋಗುತ್ತವೆ. ಅವನ ವೃದ್ಧ ತಂದೆತಾಯಿಗಳನ್ನು ಕುರಿತು, ಪತ್ನಿಯನ್ನು ಕುರಿತು ನಾಲ್ಕು ಒಳ್ಳೆಯ ಮಾತು ಆಡುವವರೂ ಉಂಟು. ಆದರೆ ಹದಿಮೂರರಿಂದ ಹದಿನೇಳರ ವಯಸ್ಸಿನ ಅವನ ಮಗನೋ ಮಗಳೋ ಸಂಜೆ ಐದರಿಂದ ಏಳರವರೆಗೆ ಏನು ಮಾಡುತ್ತಾರೆಂದು ಕೇಳಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಪ್ರೌಢಶಾಲೆಯ ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಬಳಿಕ, 2014ರ ಬೇಸಗೆಯಿಂದ, ದುಂಡಸಿಯಲ್ಲಿ ಇಂತಹ ಮಕ್ಕಳಿಗಾಗಿ ಆಟ, ಓದು, ಪ್ರವಾಸಗಳನ್ನು ಹೊಂದಿಸಿಕೊಡುವ ಕೆಲಸದಲ್ಲಿ ತೊಡಗಿದ್ದೇನೆ. ಆ ಅನುಭವದ ಬಲದಿಂದಲೇ ಈ ಕೆಲವು ಮಾತುಗಳನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ದುಂಡಸಿ ಶಿಗ್ಗಾವಿ ತಾಲ್ಲೂಕಿನ ಗ್ರಾಮ. ಸುತ್ತಲೂ ಗೋವಿನಜೋಳ, ಹತ್ತಿ, ಭತ್ತಗಳ ಒಕ್ಕಲುತನ. ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಎರಡು ಮೂರು ಎಕರೆಗೆ ಇಳಿದ ಹೊಲದ ಮನೆಗಳಿಂದ ಒಬ್ಬ ಹುಡುಗ ಸೈನ್ಯಕ್ಕೆ ಸೇರುವುದು ಈ ಸೀಮೆಗೆ ಹೊಸತಲ್ಲ. ಅವನು ಸೇರುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ. ಆ ಮಕ್ಕಳು ಎಲ್ಲಿ ಬೆಳೆಯಬೇಕೆಂಬ ಪ್ರಶ್ನೆ ಅಲ್ಲಿಂದ ಆರಂಭ.

ಸೈನಿಕರ ಭಾಷೆಯಲ್ಲಿ ನೆಲೆಗಳು ಎರಡು ಬಗೆ: ‘ಪೀಸ್’ ಮತ್ತು ‘ಫೀಲ್ಡ್’. ಮೊದಲನೆಯದರಲ್ಲಿ ಸಂಸಾರವನ್ನು ಕರೆದುಕೊಂಡು ಹೋಗಲು ಸಾಧ್ಯ; ಕ್ವಾರ್ಟರ್ಸು ಸಿಕ್ಕರೆ ಸಾಕು, ಅಲ್ಲಿ ಶಾಲೆಯಿದೆ, ಆಟದ ಬಯಲಿದೆ, ಒಂದೇ ತೆರನಾದ ಬಾಳಿನ ಜೊತೆಗಾರರಿದ್ದಾರೆ. ಕೇಂದ್ರೀಯ ವಿದ್ಯಾಲಯಗಳ ಹುಟ್ಟಿಗೂ ಇವರಿಗೂ ನಂಟಿದೆ. ವರ್ಗಾವಣೆಯ ನೌಕರರ ಮಕ್ಕಳಿಗೆಂದು 1963ರಲ್ಲಿ ಮೊದಲು ಕೈಗೆತ್ತಿಕೊಂಡ 20 ಶಾಲೆಗಳು ಸೈನ್ಯದ ರೆಜಿಮೆಂಟುಗಳ ಶಾಲೆಗಳೇ ಆಗಿದ್ದವು. 1966ರಲ್ಲಿ ಸೇನಾ ಪತ್ನಿಯರ ಕಲ್ಯಾಣ ಸಂಘವೂ, 1983ರಲ್ಲಿ ಸೇನಾ ಶಾಲೆಗಳನ್ನು ನಡೆಸುವ ಶಿಕ್ಷಣ ಸಂಸ್ಥೆಯೂ ರೂಪುಗೊಂಡವು. ದಂಡಿನ ಪ್ರದೇಶದ ಒಳಗಿರುವ ಮಗುವಿಗೆ ಒಂದು ವ್ಯವಸ್ಥೆ ಇದೆಯೆಂಬುದನ್ನು ಒಪ್ಪಲೇಬೇಕು.

ಆದರೆ ತಂದೆ ಫೀಲ್ಡಿಗೆ ಹೋದೊಡನೆ ಸಂಸಾರ ಊರಿಗೆ ಮರಳುತ್ತದೆ. ಪಠಾಣಕೋಟೆಯಲ್ಲಿಯೋ ಜೋಧಪುರದಲ್ಲಿಯೋ ಏಳನೆಯ ತರಗತಿ ಮುಗಿಸಿದ ಬಾಲಕ ನಮ್ಮೂರಿನ ಶಾಲೆಯಲ್ಲಿ ಎಂಟನೆಯ ತರಗತಿಗೆ ಬಂದು ಕುಳಿತಾಗ ಅವನ ಪಾಡೇನು? ಮನೆಯಲ್ಲಿ ಆಡುವ ಕನ್ನಡ ಬಲ್ಲ. ಆದರೆ ಒತ್ತಕ್ಷರ ಬರೆಯಲು ತಡವರಿಸುತ್ತಾನೆ. ಹಿಂದಿ ಚೆನ್ನಾಗಿ ಬರುತ್ತದೆ. ಅದಕ್ಕಾಗಿಯೇ ಜೊತೆಯ ಹುಡುಗರು ‘ಹಿಂದಿವಾಲಾ’ ಎಂದು ನಗುತ್ತಾರೆ. ಇನ್ನೊಂದು ಬಗೆಯ ಮಕ್ಕಳು ಊರನ್ನು ಬಿಟ್ಟೇ ಇಲ್ಲ. ತಂದೆಯ 60 ದಿನಗಳ ವಾರ್ಷಿಕ ರಜೆಯೇ ಅವರ ಪಾಲಿನ ತಂದೆ. ಉಳಿದ ದಿನಗಳಲ್ಲಿ ಹದಿನೈದರ ಹುಡುಗನೇ ಮನೆಯ ಯಜಮಾನ. ಪಂಪ್‌ಸೆಟ್ಟಿಗೆ ಕರೆಂಟು ಬಂದಾಗ ಹೊಲಕ್ಕೆ ಓಡುವವನು ಅವನು, ಅಜ್ಜನನ್ನು ದವಾಖಾನೆಗೆ ಒಯ್ಯುವವನು ಅವನು, ಬ್ಯಾಂಕಿನಲ್ಲಿ ಅವ್ವನ ಪರವಾಗಿ ಚೀಟಿ ಬರೆಯುವವನು ಅವನು. ತಂದೆ ರಜೆಗೆ ಬಂದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡು ಆಜ್ಞೆ ಕೊಡಲಾರಂಭಿಸಿದಾಗ ಆ ಹುಡುಗ ಮುನಿಯುತ್ತಾನೆ. ತಪ್ಪು ಯಾರದು? ಯಾರದೂ ಅಲ್ಲ. ಈ ಮುನಿಸನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಬೆಳಗಾವಿಯಲ್ಲಿ ಮತ್ತು ಬೆಂಗಳೂರಿನಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನದು 2007ರದು. ಅಲ್ಲಿ ಸೈನಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ, ನಿಜ. ಆರನೆಯ ತರಗತಿಯ ಪ್ರವೇಶ ಪರೀಕ್ಷೆ ತಪ್ಪಿದರೆ ಒಂಬತ್ತಕ್ಕೆ ಇನ್ನೊಂದು ಅವಕಾಶ. ಅದೂ ಕೆಲವೇ ಸ್ಥಾನಗಳಿಗೆ. ಆಯ್ಕೆಯಾದವರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನಾನು ಬರೆಯುತ್ತಿರುವುದು ಉಳಿದವರನ್ನು ಕುರಿತು.

ನಮ್ಮ ಕಾರ್ಯಕ್ರಮ ದೊಡ್ಡದೇನಲ್ಲ. ದುಂಡಸಿ ಮತ್ತು ಆಸುಪಾಸಿನ ಹಳ್ಳಿಗಳ ಹತ್ತು-ಹನ್ನೆರಡು ಮಕ್ಕಳು, ವಾರದಲ್ಲಿ ಮೂರು ಸಂಜೆ ಖೋ ಖೋ ಅಥವಾ ಕಬಡ್ಡಿ, ಭಾನುವಾರ ಓದು-ಬರಹ, ಬೇಸಗೆಯಲ್ಲಿ ಒಂದು ವಾರದ ಶಿಬಿರ. ಜೊತೆಗಿರುವವರು ಊರಿನ ಒಬ್ಬ ನಿವೃತ್ತ ಸುಬೇದಾರರು. ಆಟ ಕಲಿಸುವುದು ಕಷ್ಟವಲ್ಲ, ಹೊಂದಿಸುವುದೇ ಕಷ್ಟ. ಆರು ಗಂಟೆಗೆ ಆಟವಿಟ್ಟರೆ ಇಬ್ಬರು ಬರುವುದಿಲ್ಲ, ಏಕೆಂದರೆ ಅದು ಅವರ ತಂದೆಯ ಕರೆ ಬರುವ ಹೊತ್ತು. ಎತ್ತರದ ಠಾಣ್ಯದಲ್ಲಿ ಸಿಗ್ನಲ್ ಸಿಗುವ ಆ ಹತ್ತು ನಿಮಿಷವನ್ನು ಯಾವ ಆಟಕ್ಕೂ ಬಿಟ್ಟುಕೊಡಲಾಗದು. ಆದ್ದರಿಂದ ನಮ್ಮ ವೇಳಾಪಟ್ಟಿಯನ್ನು ಗಡಿಯಾರಕ್ಕಿಂತ ಮೊಬೈಲ್ ಫೋನೇ ಹೆಚ್ಚಾಗಿ ನಿರ್ಧರಿಸುತ್ತದೆ. ತಂದೆ ರಜೆಗೆ ಬಂದಾಗ ಮಕ್ಕಳು ಬರುವುದಿಲ್ಲ, ಹಾಜರಿ ಕೇಳುವುದಿಲ್ಲ. ತಂದೆ ಹೊರಟುಹೋದ ಮಾರನೆಯ ಸಂಜೆ ಮಗು ಬಂದು ಬಯಲಿನ ಅಂಚಿನಲ್ಲಿ ಸುಮ್ಮನೆ ಕುಳಿತರೆ ಅದನ್ನೂ ಕೇಳುವುದಿಲ್ಲ. ಮೂರನೆಯ ದಿನ ಅದು ತಾನಾಗಿಯೇ ಎದ್ದು ಆಟಕ್ಕಿಳಿಯುತ್ತದೆ.

ಭಾನುವಾರದ ಓದಿಗೆ ಒಂದು ವಿನಿಮಯವನ್ನು ಏರ್ಪಡಿಸಿದೆವು. ಹೊರಗಿನಿಂದ ಬಂದವರು ಊರಿನವರಿಗೆ ಹಿಂದಿ ಕಲಿಸುವುದು, ಊರಿನವರು ಅವರ ಕನ್ನಡ ಬರವಣಿಗೆ ತಿದ್ದುವುದು. ‘ಹಿಂದಿವಾಲಾ’ ಎಂಬ ಹೆಸರು ಒಂದೆರಡು ತಿಂಗಳಲ್ಲಿ ಮರೆಯಾಯಿತು. ಭಾರತದ ನಕ್ಷೆಯನ್ನು ಗೋಡೆಗೆ ತೂಗುಹಾಕಿದೆವು. ಆದರೆ ತಂದೆ ಈಗ ಎಲ್ಲಿದ್ದಾರೆಂದು ಯಾರೂ ಗುರುತು ಮಾಡಕೂಡದೆಂದು ಸುಬೇದಾರರು ಮೊದಲೇ ಹೇಳಿದ್ದರು. ಅದು ಸರಿಯೇ. ಅದರ ಬದಲು ಯಾರು ಯಾವ ಊರಿನಲ್ಲಿ ಇದ್ದು ಬಂದಿದ್ದಾರೋ ಅಲ್ಲಿನ ಮರ, ತಿಂಡಿ, ಚಳಿಯನ್ನು ಬರೆದು ಅಂಟಿಸಿದರು. ಪತ್ರ ಬರೆಯುವ ದಿನವೂ ಒಂದಿದೆ. ವಾಟ್ಸಾಪ್ ಕಾಲದಲ್ಲಿ ಪತ್ರವೇಕೆಂದು ನಗುವವರಿದ್ದಾರೆ. ಹಿಮದ ಠಾಣ್ಯದಲ್ಲಿರುವವನಿಗೆ ಕಾಗದದ ಬೆಲೆ ಗೊತ್ತು. ವಿಳಾಸದ ಕೊನೆಯಲ್ಲಿ ‘56 ಎಪಿಓ’ ಅಥವಾ ‘99 ಎಪಿಓ’ ಎಂದಿರುತ್ತದೆ, ಊರಿನ ಹೆಸರಿರುವುದಿಲ್ಲ. ‘ಇದು ಯಾವ ಜಿಲ್ಲಾರೀ ಸರ?’ ಎಂದು ಒಬ್ಬ ಬಾಲಕಿ ಕೇಳಿದ್ದಳು.

ಸುಬೇದಾರರೊಂದಿಗೆ ನನಗೆ ಒಂದು ಭಿನ್ನಾಭಿಪ್ರಾಯವಿತ್ತು, ಈಗಲೂ ಸ್ವಲ್ಪ ಉಂಟು. ಅವರಿಗೆ ಬೆಳಗಿನ ಐದಕ್ಕೆ ಓಟ, ಹಗ್ಗ ಹತ್ತುವುದು, ಭರ್ತಿಗೆ ಸಿದ್ಧತೆ ಬೇಕು. ಸೈನಿಕನ ಮಗನನ್ನು ಸೈನಿಕನೆಂದೇ ಎಣಿಸುವುದು ಅವರ ಸಹಜ ಪ್ರೀತಿ. ಹದಿನಾಲ್ಕರ ಮಗುವಿಗೆ ಇನ್ನೂ ಏನಾಗಬೇಕೆಂಬ ಆಯ್ಕೆ ಇರಬೇಕೆಂಬುದು ನನ್ನ ವಾದ. 2022ರಲ್ಲಿ ಅಗ್ನಿಪಥ ಯೋಜನೆ ಬಂದು, ನಾಲ್ಕು ವರ್ಷದ ಸೇವೆಯ ಬಳಿಕ ಶೇಕಡಾ 25ರಷ್ಟು ಮಂದಿಯನ್ನು ಮಾತ್ರ ಮುಂದುವರಿಸುವುದೆಂದಾದ ಮೇಲೆ, ಸೈನ್ಯವೇ ತಮ್ಮ ದಾರಿಯೆಂದು ನಂಬಿದ್ದ ಹುಡುಗರು ಕಂಗೆಟ್ಟರು. ಆಗ ಸುಬೇದಾರರೇ ಐಟಿಐ, ಪಾಲಿಟೆಕ್ನಿಕ್‌ಗಳ ಅರ್ಜಿಗಳನ್ನು ತಂದು ಹಂಚಿದರು. ಓಟ ಮಾತ್ರ ನಿಂತಿಲ್ಲ. ಬೇಕಾದವರು ಓಡುತ್ತಾರೆ.

2016ರ ಫೆಬ್ರವರಿಯನ್ನು ಈ ಭಾಗದವರು ಮರೆಯಲಾರರು. ಸಿಯಾಚಿನ್‌ನಲ್ಲಿ 3ನೆಯ ತಾರೀಖು ಹಿಮಪಾತಕ್ಕೆ ಸಿಲುಕಿದ ಹತ್ತು ಯೋಧರಲ್ಲಿ, ನಮ್ಮ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಮೇಲೆ ಜೀವಂತವಾಗಿ ದೊರೆತರು. 11ರಂದು ದಿಲ್ಲಿಯಲ್ಲಿ ಕೊನೆಯುಸಿರೆಳೆದರು. ಆ ದಿನಗಳಲ್ಲಿ ಮನೆಮನೆಯ ದೂರದರ್ಶನ ಆರಲಿಲ್ಲ. ನಮ್ಮ ಮಕ್ಕಳು ಬಯಲಿಗೆ ಬಂದರೂ ಆಡಲಿಲ್ಲ. ದೊಡ್ಡವರು ಅವರೆದುರು ಮಾತು ನಿಲ್ಲಿಸುತ್ತಿದ್ದರು. ಆ ಮೌನವೇ ಅವರಿಗೆ ಹೆಚ್ಚು ಹೆದರಿಕೆ ತಂದಿತು. ಸುಬೇದಾರರು ಮಾತ್ರ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು, ಹಿಮ ಹೇಗೆ ಜಾರುತ್ತದೆ, ಹುಡುಕುವವರು ಹೇಗೆ ಹುಡುಕುತ್ತಾರೆ, ಎಲ್ಲ ಸೈನಿಕರೂ ಅಂತಹ ಎತ್ತರದಲ್ಲಿ ಇರುವುದಿಲ್ಲ ಎಂಬುದನ್ನು ಒಂದು ಗಂಟೆ ವಿವರಿಸಿದರು. ನಾನು ಕಂಡ ಅತ್ಯುತ್ತಮ ಪಾಠಗಳಲ್ಲಿ ಅದೊಂದು.

ಅದೇ ವರ್ಷ ಒಂದು ಸಮಾರಂಭದವರು ನಮ್ಮ ಮಕ್ಕಳನ್ನು ಸನ್ಮಾನಕ್ಕೆ ಕರೆದರು. ಹೆಸರು ಕೂಗಿದಾಗ ಒಬ್ಬ ಹುಡುಗ ಏಳಲೇ ಇಲ್ಲ. ನಾನು ಹತ್ತಿರ ಹೋದೆ. ‘ನಮ್ಮಪ್ಪಗ ಏನೂ ಆಗಿಲ್ಲಲ್ರೀ ಸರ, ನನಗ್ಯಾಕ ಶಾಲು ಹೊದಸ್ತಾರ?’ ಎಂದ. ಮರಣದ ಮನೆಯ ಚಿತ್ರಗಳಲ್ಲಿ ಮಾತ್ರ ಅವನು ಆ ಶಾಲುಗಳನ್ನು ಕಂಡಿದ್ದ. ಅಂದಿನಿಂದ ಇಂತಹ ಕರೆಗಳಿಗೆ ವಿನಯದಿಂದ ಇಲ್ಲವೆನ್ನುತ್ತೇವೆ. ಕೆಲವರಿಗೆ ಬೇಸರವಾಗಿದೆ.

ಅಮೆರಿಕದಲ್ಲಿ 1986ರಿಂದ ಏಪ್ರಿಲ್ ತಿಂಗಳನ್ನು ಸೈನಿಕರ ಮಕ್ಕಳ ತಿಂಗಳೆಂದು ಆಚರಿಸುತ್ತಾರೆ. ಅದಕ್ಕಿಂತ ನನಗೆ ಹಿಡಿಸಿದ್ದು 2004ರಲ್ಲಿ ಅಲ್ಲಿನ ಸೈನಿಕ ಕುಟುಂಬಗಳ ಸಂಘವೊಂದು ಆರಂಭಿಸಿದ ಉಚಿತ ಬೇಸಗೆ ಶಿಬಿರಗಳು. ಅಲ್ಲಿ ಮಗುವಿಗೆ ಸಿಗುವುದು ತನ್ನಂತೆಯೇ ತಂದೆಯನ್ನೋ ತಾಯಿಯನ್ನೋ ಕಾಯುತ್ತಿರುವ ಬೇರೆ ಮಕ್ಕಳೊಡನೆ ಕೆಲವು ದಿನ. ಬೆಟ್ಟ ಹತ್ತುವುದು, ನೀರಿಗಿಳಿಯುವುದು, ಅಷ್ಟೇ. ನಮ್ಮ ಶಿಬಿರದ ಪ್ರವಾಸಗಳೂ ಆ ಜಾತಿಯವೇ: ಬಂಕಾಪುರದ ಕೋಟೆಯಲ್ಲಿ ನವಿಲು ಕಾಣುವುದು, ಶಿಶುನಾಳಕ್ಕೆ ಹೋಗಿ ಬರುವುದು, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಒಂದು ಹಗಲು.

ಇತ್ಯರ್ಥವಾಗದೆ ಉಳಿದಿರುವುದು ಹೆಣ್ಣುಮಕ್ಕಳ ಸಂಜೆ. ತಂದೆ ಊರಲ್ಲಿಲ್ಲದ ಮನೆಯ ತಾಯಿ ಮಗಳನ್ನು ಕತ್ತಲಾಗುವ ಹೊತ್ತಿಗೆ ಹೊರಗೆ ಬಿಡಲು ಅಂಜುತ್ತಾಳೆ. ಆ ಅಂಜಿಕೆಗೆ ಉಪದೇಶ ಮದ್ದಲ್ಲ. ಖೋ ಖೋದಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳೊಬ್ಬಳು ಒಂಬತ್ತನೆಯ ತರಗತಿಗೆ ಬಂದೊಡನೆ ನಿಂತುಹೋದಳು. ಹಳ್ಳಿಗಳಿಂದ ಬರುವ ಹುಡುಗಿಯರನ್ನು ಮನೆ ಬಾಗಿಲಿಗೆ ಮುಟ್ಟಿಸಲು ಮಾಜಿ ಹವಾಲ್ದಾರರೊಬ್ಬರು ತಮ್ಮ ಟೆಂಪೋ ಕೊಡಲು ಒಪ್ಪಿದ್ದಾರೆ. ಡೀಸೆಲ್ಲಿನ ಖರ್ಚು ಇನ್ನೂ ಕೂಡಿಬಂದಿಲ್ಲ. ಅವಳ ತಾಯಿಗೆ ಟೆಂಪೋದ ವಿಷಯ ತಿಳಿಸಿ ಬಂದಿದ್ದೇನೆ; ಫೋನು ಬಂದಾಗ ಅವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾಳೆ.