ತಗಡಿನ ಬಾಯಿ ಮುಚ್ಚಿಸುವುದು

ಕಾರು ಕೊಳ್ಳಲು ಹೋದವರು ಅದರ ಬಣ್ಣವನ್ನು ಕೇಳುತ್ತಾರೆ. ಲೀಟರಿಗೆ ಎಷ್ಟು ಓಡುತ್ತದೆಯೆಂದು ಕೇಳುತ್ತಾರೆ. ಡಿಕ್ಕಿಯಲ್ಲಿ ಎಷ್ಟು ಪೆಟ್ಟಿಗೆ ಹಿಡಿಸುತ್ತವೆ, ತಿಂಗಳ ಕಂತು ಎಷ್ಟು, ಮುಂದೊಂದು ದಿನ ಮಾರಿದರೆ ಎಷ್ಟು ಬಂದೀತು ಎಂಬುದನ್ನೂ ಬಿಡದೆ ಕೇಳುತ್ತಾರೆ. ಅದರ ಸದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಮೇಲೆ ಹತ್ತು ವರ್ಷ ಅದನ್ನೇ ಕೇಳಬೇಕಾಗುತ್ತದೆ. ಇದರಲ್ಲಿ ಕೊಳ್ಳುವವರ ತಪ್ಪೇನೂ ಇಲ್ಲವೆನ್ನಿ. ಮಾರುವವನು ಓಡಿಸಿ ನೋಡಲು ಕೊಡುವುದು ಅಂಗಡಿಯ ಸುತ್ತಲಿನ ನಾಲ್ಕು ಬೀದಿಗಳಲ್ಲಿ. ಆ ಜನಸಂದಣಿಯ ನಡುವೆ ಗಂಟೆಗೆ 30 ಕಿಲೋಮೀಟರಿನಲ್ಲಿ ತೆವಳುವಾಗ ಎಲ್ಲ ಕಾರುಗಳೂ ಮೌನವ್ರತ ಹಿಡಿದ ಸಾಧುಗಳಂತೆಯೇ ಇರುತ್ತವೆ.

ಸದ್ದು ಎಂದೊಡನೆ ನಾವು ಎಂಜಿನನ್ನು ದೂರುತ್ತೇವೆ. ಬಡಪಾಯಿ ಎಂಜಿನು ಆ ದೂರಿಗೆ ಅರ್ಹವಾಗುವುದು ಊರೊಳಗಿನ ಓಟದಲ್ಲಿ ಮಾತ್ರ. ವೇಗ 50–60 ಕಿಲೋಮೀಟರನ್ನು ದಾಟಿತೆಂದರೆ ಸದ್ದಿನ ಯಜಮಾನಿಕೆ ಟೈರಿಗೆ ಹೋಗುತ್ತದೆ. 100ರ ಸುಮಾರಿಗೆ ಗಾಳಿಯೂ ಬಂದು ತನ್ನ ಪಾಲನ್ನು ಕೇಳುತ್ತದೆ. ಟೈರು ರಸ್ತೆಯ ಮೇಲೆ ಉಜ್ಜಿ ಎಬ್ಬಿಸಿದ ಕಂಪನ ಚಕ್ರದ ಮೇಲಿನ ಕಮಾನಿಗೆ, ಅಲ್ಲಿಂದ ನೆಲಕ್ಕೆ, ಬಾಗಿಲುಗಳಿಗೆ, ಛಾವಣಿಗೆ ಹರಡುತ್ತದೆ. ಇವೆಲ್ಲ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಉಕ್ಕಿನ ತಗಡುಗಳು. ತಗಡಿಗೆ ನಡುಕ ಬಂದರೆ ಅದು ಸುಮ್ಮನಿರುವುದುಂಟೇ? ಡೋಲಿನ ಚರ್ಮದಂತೆ ತಾನೇ ಬಾರಿಸಿಕೊಳ್ಳತೊಡಗುತ್ತದೆ. ಡೋಲಿನ ಹೊರಗೆ ಕುಳಿತು ಕೇಳುವುದು ಒಂದು ಸುಖ. ಡೋಲಿನ ಒಳಗೇ ಕುಳಿತು ಎರಡು ಗಂಟೆ ಪ್ರಯಾಣ ಮಾಡುವುದು ಬೇರೆಯ ಮಾತು.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಸಂಗೀತದ ಹುಚ್ಚಿನಿಂದಲ್ಲ. ಬಹುಮಂದಿ ಯುವಕರು ಕಾರಿನಲ್ಲಿ ಹಾಡು ಸೊಗಸಾಗಿ ಕೇಳಿಸಲೆಂದು ಈ ಕೆಲಸವನ್ನು ಮಾಡಿಸುತ್ತಾರೆ. ನನಗೆ ಬೇಕಾಗಿದ್ದುದು ಮಾತು. ನಮ್ಮ ತಾಯಿಯವರಿಗೆ ಈಗ 78 ವರ್ಷ. ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ಅವರ ತಂಗಿ, ನಮ್ಮ ಚಿಕ್ಕಮ್ಮ, ಇರುವುದು ಮೈಸೂರಿನಲ್ಲಿ. ತಿಂಗಳಿಗೊಮ್ಮೆಯಾದರೂ ಅಕ್ಕತಂಗಿಯರು ಕಲೆಯದಿದ್ದರೆ ಇಬ್ಬರಿಗೂ ಅನ್ನ ಸೇರದು. ಹಳೆಯ ರಸ್ತೆಯಲ್ಲಿ ಹೋಗುತ್ತಿದ್ದಾಗ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಊರೂರಿಗೂ ಕಾರು ನಿಧಾನವಾಗುತ್ತಿತ್ತು. ನಿಧಾನವಾದಲ್ಲೆಲ್ಲ ಅಮ್ಮನ ಬಾಯಿಂದ ಒಂದೊಂದು ಕಥೆ ಹೊರಡುತ್ತಿತ್ತು. 2023ರಲ್ಲಿ ಹೊಸ ಹೆದ್ದಾರಿ ತೆರೆಯಿತು. ಊರುಗಳೆಲ್ಲ ಪಕ್ಕಕ್ಕೆ ಸರಿದುವು, ವೇಗ ಹೆಚ್ಚಿತು, ಕಾಲ ಉಳಿಯಿತು. ಆದರೆ ಅಮ್ಮ ಕುಂಬಳಗೋಡು ದಾಟಿದೊಡನೆ ಕಿವಿಯ ಯಂತ್ರವನ್ನು ತೆಗೆದು ಪುಟ್ಟ ಡಬ್ಬಿಯಲ್ಲಿಟ್ಟು, ಸೆರಗನ್ನು ಹೊದ್ದು, ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಕೇಳಿದರೆ, “ಬರೀ ಭೋರ್ ಅಂತ ಕೇಳ್ಸುತ್ತೆ ಕಣೋ. ನೀವು ಮಾತಾಡ್ಕೊಳ್ಳಿ” ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕುಳಿತ ಮನುಷ್ಯರೊಬ್ಬರು ನಾವು ನಗುವುದನ್ನು ಕಂಡು, ಏಕೆಂದು ತಿಳಿಯದೆ, ತಾವೂ ಸ್ವಲ್ಪ ನಗುವುದನ್ನು ನೋಡುವುದು ಬಹಳ ಕಷ್ಟ.

ಇದಕ್ಕೆ ಕಾರಣವನ್ನು ತಿಳಿದುಕೊಂಡಾಗಲೇ ಉಪಾಯವೂ ಹೊಳೆಯಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯ ಧ್ವನಿಗಳನ್ನು. ಮಾತಿನಲ್ಲಿ ಸ್ವರಗಳು ಗಟ್ಟಿಯಾಗಿ, ಕೆಳಗಿನ ಸ್ಥಾಯಿಯಲ್ಲಿರುತ್ತವೆ. ಸಕಾರ, ಶಕಾರ, ತಕಾರ, ಪಕಾರಗಳಂಥ ವ್ಯಂಜನಗಳು ಕ್ಷೀಣವಾಗಿ, ಮೇಲಿರುತ್ತವೆ. ಅರ್ಥವನ್ನು ಹೊರುವುದು ಬಹುಮಟ್ಟಿಗೆ ಈ ಬಡಕಲು ವ್ಯಂಜನಗಳೇ. ಅವು ಜಾರಿದರೆ ‘ಸಾಲು’, ‘ಕಾಲು’, ‘ಪಾಲು’ ಎಲ್ಲವೂ ‘ಆಲು’ ಆಗಿ ನಿಲ್ಲುತ್ತವೆ. ಸಾಲದ್ದಕ್ಕೆ, ಕೆಳಸ್ಥಾಯಿಯ ಭೋರ್ಗರೆತಕ್ಕೆ ತನಗಿಂತ ಮೇಲಿರುವ ಧ್ವನಿಗಳನ್ನೂ ಮುಚ್ಚಿಹಾಕುವ ಗುಣವಿದೆ. ಯಂತ್ರವಾದರೋ ಮಾತನ್ನೂ ಭೋರ್ಗರೆತವನ್ನೂ ಕೂಡಿಯೇ ಹಿಗ್ಗಿಸುತ್ತದೆ. ಗದ್ದಲವನ್ನು ಸೋಸುವ ಹೊಸ ಯಂತ್ರಗಳು ಸಹ ಎದುರಿಗೆ ನಿಂತು ಆಡಿದ ಮಾತಿಗೆ ಒಲಿಯುವಷ್ಟು ಪಕ್ಕದಿಂದ, ಬೆನ್ನು ತಿರುಗಿಸಿ ಆಡಿದ ಮಾತಿಗೆ ಒಲಿಯವು. ಹಾಗಾದರೆ ಗಟ್ಟಿಯಾಗಿ ಕೂಗಬಹುದಲ್ಲ? ಗದ್ದಲದಲ್ಲಿ ಮನುಷ್ಯನ ದನಿ ತಾನೇ ಏರುತ್ತದೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ ಎಂಬಾತ 1911ರಲ್ಲಿಯೇ ತೋರಿಸಿದ್ದ. ಆದರೆ ಕೂಗಿದಾಗ ಉಬ್ಬುವುದು ಸ್ವರಗಳು. ವ್ಯಂಜನಗಳು ಆ ಪ್ರಮಾಣದಲ್ಲಿ ಏಳುವುದಿಲ್ಲ. ಅಮ್ಮನಿಗೆ ಆಗ ‘ಆಲು’ ಎಂಬುದೇ ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತದೆ, ಮತ್ತು ಮಗ ತನ್ನ ಮೇಲೆ ರೇಗುತ್ತಿದ್ದಾನೆಂಬ ಭಾವನೆ ಬರುತ್ತದೆ. ಆದಕಾರಣ ದನಿಯನ್ನು ಏರಿಸುವುದಕ್ಕಿಂತ ಗದ್ದಲವನ್ನು ಇಳಿಸುವುದೇ ಮಾರ್ಗವೆಂದು ನಿಶ್ಚಯಿಸಿ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ.

ಕಾರಿನ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಎಂದರೆ ಕಾಶಿ ಇದ್ದಂತೆ. ಅಂಗಡಿಯಾತ ನನ್ನ ಮುಂದೆ ನಾಲ್ಕು ಬಗೆಯ ಸರಕನ್ನು ಹರಡಿ, “ಸಾರ್, ಇಡೀ ಗಾಡಿಗೆ ಸುತ್ತಿಬಿಡೋಣ, ಒಳಗೆ ಕೂತರೆ ಬ್ಯಾಂಕ್ ಲಾಕರಿನಲ್ಲಿ ಕೂತಂಗಿರುತ್ತೆ” ಎಂದ. ಲಾಕರಿನಲ್ಲಿ ಕುಳಿತುಕೊಳ್ಳುವ ಅಪೇಕ್ಷೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದೂ ಅಲ್ಲದೆ ಇಡೀ ಕಾರಿಗೆ ಎಲ್ಲ ಪದರಗಳನ್ನೂ ಹೊದಿಸಿದರೆ ಒಬ್ಬ ಮನುಷ್ಯನ ತೂಕವಾದರೂ ಹೆಚ್ಚುತ್ತದೆ; ಟಿಕೆಟಿಲ್ಲದ ಆ ಪ್ರಯಾಣಿಕನನ್ನು ಬಾಳಿನುದ್ದಕ್ಕೂ ಹೊತ್ತು ತಿರುಗಬೇಕು.

ಮೊದಲನೆಯದು ಟಾರಿನ ಹಾಳೆ. ಅಗ್ಗ. ನಮ್ಮ ಬೀದಿಯ ಗೃಹಸ್ಥರೊಬ್ಬರು ತಾರಸಿಗೆ ಹಾಸಿ ಉಳಿದಿದ್ದ ಇಂಥದೇ ಹಾಳೆಯನ್ನು ತಮ್ಮ ಕಾರಿನ ಬಾಗಿಲಿಗೆ ಅಂಟಿಸಿದ್ದರು. ಏಪ್ರಿಲಿನ ಬಿಸಿಲಿಗೆ ಅದು ಕರಗಿ, ಕಾರಿನೊಳಗೆಲ್ಲ ಹೊಸದಾಗಿ ಡಾಂಬರು ಹಾಕಿದ ರಸ್ತೆಯ ವಾಸನೆ. ಎರಡನೆಯದು ಬ್ಯೂಟೈಲ್ ರಬ್ಬರಿನ ಹಾಳೆ, ಮೇಲೆ ಅಲ್ಯೂಮಿನಿಯಂ ತೊಡಿಸಿದ್ದು. ಬ್ಯೂಟೈಲ್ ನಮಗೆ ಅಪರಿಚಿತವೇನಲ್ಲ. 1937ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ರಬ್ಬರು ಗಾಳಿಯನ್ನು ಸೋರಗೊಡದೆಂದು ಟೈರಿನ ಟ್ಯೂಬುಗಳಿಗೆ ಹೆಸರಾಯಿತು. ಮೂರನೆಯದು ಫೋಮು. ನಾಲ್ಕನೆಯದು ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ಭಾರವಾದ ವಿನೈಲ್ ಹಾಸು.

ಇವು ನಾಲ್ಕೂ ಒಂದೇ ಕೆಲಸ ಮಾಡುತ್ತವೆಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದು ಗಿರಗಿರನೆ ಸುತ್ತುತ್ತ ಕಿರುಚುವಾಗ ನಮ್ಮ ಹೆಂಗಸರು ಏನು ಮಾಡುತ್ತಾರೆ? ಅದರ ಮೇಲೆ ಕಂಬಳಿ ಹೊದಿಸುವುದಿಲ್ಲ. ಒಂದು ಬೆರಳನ್ನು ಇಡುತ್ತಾರೆ. ತಟ್ಟೆ ತೆಪ್ಪಗಾಗುತ್ತದೆ. ಬ್ಯೂಟೈಲಿನದು ಆ ಬೆರಳಿನ ಕೆಲಸ. ತಗಡು ನಡುಗಿ ಬಾಗಿದಾಗ, ಅದಕ್ಕೂ ಮೇಲಿನ ಅಲ್ಯೂಮಿನಿಯಮ್ಮಿಗೂ ನಡುವೆ ಸಿಕ್ಕಿಕೊಂಡ ಅಂಟು ರಬ್ಬರು ಅತ್ತಿತ್ತ ಜಗ್ಗಿ, ಕಂಪನದ ಶಕ್ತಿಯನ್ನು ಅತ್ಯಲ್ಪವಾದ ಶಾಖವಾಗಿ ಮಾಡಿಬಿಡುತ್ತದೆ. ಹೀಗೆ ಎರಡು ಬಿಗಿಯಾದ ಪದರಗಳ ನಡುವೆ ಮೃದುವಾದುದನ್ನು ಸೆರೆಹಿಡಿಯುವುದರ ಲೆಕ್ಕಾಚಾರವನ್ನು ಅಮೆರಿಕದ ಕರ್ವಿನ್ ಎಂಬಾತ 1959ರಲ್ಲಿ ಬರೆದಿಟ್ಟಿದ್ದಾನೆ. ಬೆರಳಿಡಲು ತಟ್ಟೆಯನ್ನೆಲ್ಲ ಮುಚ್ಚಬೇಕಾಗಿಲ್ಲವಷ್ಟೆ. ಹಾಗೆಯೇ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಅಂಟಿಸಿದರೆ ಬಹುಪಾಲು ಫಲ ಸಿಕ್ಕಿಹೋಗುತ್ತದೆ. ಈ ಮಾತನ್ನು ಹೇಳಿದಾಗ ಅಂಗಡಿಯಾತನ ಮುಖ ಸ್ವಲ್ಪ ಬಾಡಿತು.

ಫೋಮಿನದು ಬೇರೆ ಜಾತಿ. ಸೆಕೆಂಡಿಗೆ 100 ಸಲ ಕಂಪಿಸುವ ಭೋರ್ಗರೆತದ ಅಲೆ ಸುಮಾರು ಮೂರೂವರೆ ಮೀಟರು ಉದ್ದ. ಬೆರಳು ದಪ್ಪದ ಫೋಮು ಅದನ್ನು ಹೀರುವುದೆಂದರೆ ಚಮಚದಲ್ಲಿ ಕೆರೆಯನ್ನು ಬತ್ತಿಸಿದಂತೆ. ಪ್ಲಾಸ್ಟಿಕ್ಕು ತಗಡಿಗೆ ತಾಗಿ ಕಿರಿಗುಟ್ಟದಂತೆ ತಡೆಯಲು ಮಾತ್ರ ಅದು ಒಳ್ಳೆಯದು, ಅದೂ ನೀರು ಹೀರದ ಬಗೆಯಾದರೆ. ಹೊರಗಿನ ಸದ್ದು ಒಳಗೆ ನುಸುಳದಂತೆ ತಡೆಯುವುದಕ್ಕೆ ಭಾರವೇ ಬೇಕು, ಅದಕ್ಕೆ ವಿನೈಲ್. ಅಮ್ಮ ಕುಳಿತುಕೊಳ್ಳುವುದು ಹಿಂದೆ, ಹಿಂದಿನ ಚಕ್ರಗಳ ಕಮಾನಿನ ಪಕ್ಕದಲ್ಲಿ. ಆದ್ದರಿಂದ ನಾಲ್ಕು ಬಾಗಿಲುಗಳಿಗೂ, ಹಿಂದಿನ ಕಮಾನುಗಳಿಗೂ, ಡಿಕ್ಕಿಯ ನೆಲಕ್ಕೂ ಆಗುವಷ್ಟು 2 ಮಿಲಿಮೀಟರಿನ ಬ್ಯೂಟೈಲ್ ಹಾಳೆ, ಕಮಾನುಗಳ ಮೇಲೆ ಹಾಸುವಷ್ಟು ವಿನೈಲ್, ಒಂದು ಸಣ್ಣ ರೋಲರು—ಇಷ್ಟನ್ನೇ ಕೊಂಡು ಬಂದೆ.

ಡೋರ್ ಪ್ಯಾಡುಗಳನ್ನು ಬಿಚ್ಚುವ ವಿದ್ಯೆ ಬಲ್ಲ ಒಬ್ಬ ತರುಣ ಮೆಕ್ಯಾನಿಕ್ಕನನ್ನು ಗೊತ್ತುಮಾಡಿಕೊಂಡು, ಎರಡು ಭಾನುವಾರ ಮನೆಯ ಮುಂದಿನ ಹೊಂಗೆಯ ಮರದಡಿ ಕೆಲಸ ನಡೆಸಿದೆವು. ಬಾಗಿಲುಗಳ ಅಂಗಾಂಗಗಳನ್ನೆಲ್ಲ ಜಗಲಿಯ ಮೇಲೆ ಹರಡಿದ್ದುದನ್ನು ಕಂಡು ದಾರಿಹೋಕರು, “ಆಕ್ಸಿಡೆಂಟೇ ಸಾರ್? ಯಾರಿಗೂ ಏನೂ ಆಗಲಿಲ್ಲ ತಾನೇ?” ಎಂದು ವಿಚಾರಿಸಿದರು. ಮೊದಲು ಬ್ಯಾಟರಿಯ ತಂತಿಯನ್ನು ಕಳಚಿದೆವು. ಸೀಟು, ಬಾಗಿಲುಗಳಲ್ಲಿ ಏರ್‌ಬ್ಯಾಗಿನ ತಂತಿಗಳಿರುತ್ತವೆ, ಹಳದಿ ಬಣ್ಣದ ಕೊಂಡಿಗಳನ್ನು ಸುಮ್ಮಸುಮ್ಮನೆ ಕೆದಕಬಾರದು. ಕೆಲವು ಕಾರುಗಳ ಬಾಗಿಲೊಳಗೇ ಅಪಘಾತವನ್ನು ಗುರುತಿಸುವ ಒತ್ತಡದ ಸೂಚಕವಿರುತ್ತದೆ. ಅಂಥಲ್ಲಿ ತಗಡಿನ ರಂಧ್ರಗಳನ್ನೆಲ್ಲ ಮನಬಂದಂತೆ ಮುಚ್ಚಿದರೆ ಸೂಚಕಕ್ಕೆ ಮಂಕು ಕವಿಯಬಹುದು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಬಿಚ್ಚುವುದಕ್ಕೆ ಮೊದಲು ಕೇಳಿಕೊಳ್ಳುವುದು ಮೇಲು.

ಬಾಗಿಲಿನ ಹೊರತಗಡನ್ನು ಬೆರಳ ಗಿಣ್ಣಿನಿಂದ ಬಡಿದೆ, ‘ಡಣ್’ ಎಂದಿತು. ಸ್ಪಿರಿಟಿನಿಂದ ಧೂಳು, ಜಿಡ್ಡುಗಳನ್ನು ಒರೆಸಿ, ಬಿಸಿಲಿನಲ್ಲಿ ಕಾಯಿಸಿದ ಹಾಳೆಯನ್ನು ಅಂಟಿಸಿ, ಅದರ ಮೈಮೇಲಿನ ಉಬ್ಬುಚಿತ್ತಾರ ಮಾಯವಾಗುವವರೆಗೆ ರೋಲರಿನಿಂದ ತೀಡಿದೆವು. ಹಾಳೆಗೂ ತಗಡಿಗೂ ನಡುವೆ ಗಾಳಿ ಉಳಿದರೆ ಬೆರಳು ತಟ್ಟೆಗೆ ತಾಕಲೇ ಇಲ್ಲವೆಂದು ಅರ್ಥ. ಮತ್ತೆ ಬಡಿದೆ, ‘ದಬ್’. ಮೆಕ್ಯಾನಿಕ್ಕನ ಮುಖ ಅರಳಿತು. ಒಂದು ಮಾತು: ಅಲ್ಯೂಮಿನಿಯಮ್ಮಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗವಸು ಬೇಕೇ ಬೇಕು. ಕೆಲಸ ರುಚಿ ಹತ್ತಿದ ಹುಡುಗ ಬಾಗಿಲಿನ ತಳದ ಸಣ್ಣ ರಂಧ್ರಗಳನ್ನು ತೋರಿಸಿ, “ಇವನ್ನೂ ಮುಚ್ಚಿಬಿಡೋಣವಾ ಸಾರ್? ಇಲ್ಲಿಂದಾನೂ ಸದ್ದು ಬರುತ್ತೆ” ಎಂದ. “ಬೇಡಪ್ಪ, ಅದು ಮಳೆನೀರು ಹೋಗುವ ದಾರಿ” ಎಂದೆ. ಗಾಜಿನ ಸಂದಿಯಿಂದ ಇಳಿದ ನೀರು ಆ ರಂಧ್ರಗಳಿಂದಲೇ ಹೊರಬೀಳಬೇಕು. ಮುಚ್ಚಿದರೆ ಬಾಗಿಲು ತುಕ್ಕು ಹಿಡಿದು, ಸದ್ದಿನ ಜೊತೆಗೆ ಬಾಗಿಲೂ ಇಲ್ಲವಾಗುತ್ತದೆ. ಗಾಜು ಏರಿಳಿಯುವ ಹಳಿ, ಬೀಗದ ಕಡ್ಡಿಗಳ ಹತ್ತಿರವೂ ಏನನ್ನೂ ಅಂಟಿಸಲಿಲ್ಲ. ಒಳಗಡೆಯ ಪ್ಲಾಸ್ಟಿಕ್ ಪರದೆಯನ್ನು ಹರಿಯದೆ ಮತ್ತೆ ಅದರ ಜಾಗದಲ್ಲೇ ಕೂಡಿಸಿದೆವು. ಕ್ಲಿಪ್ಪುಗಳಲ್ಲಿ ಐದು ಮುರಿದುವು. ಮುರಿಯುತ್ತವೆಂದು ಬಲ್ಲ ಹುಡುಗ ಜೇಬಿನಲ್ಲಿ ಒಂದು ಹಿಡಿ ತಂದಿದ್ದ. ಒಂದು ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗು ಹಳತಾಗಿ ಬಿರಿದಿತ್ತು. ಅದನ್ನು ಬದಲಿಸಿದ್ದರಿಂದ ಆದ ಉಪಕಾರ, ಖರ್ಚಿಗೆ ಹೋಲಿಸಿದರೆ, ಒಂದು ಬಾಗಿಲಿಗೆ ಹಾಕಿದ ಹಾಳೆಗಿಂತ ಹೆಚ್ಚೆಂದೇ ನನ್ನ ಅಂದಾಜು. ಸವೆದು ಗಟ್ಟಿಯಾದ ಟೈರನ್ನು ಇಟ್ಟುಕೊಂಡು ಹಾಳೆಗೆ ಹಣ ಸುರಿಯುವವರಿಗೂ ಇದೇ ಮಾತನ್ನು ಹೇಳಬೇಕು.

ಮುಂದಿನ ಶನಿವಾರ ಮೈಸೂರಿಗೆ ಹೊರಟೆವು. ನನ್ನ ಮಗ ಮೊಬೈಲಿನಲ್ಲಿ ಸದ್ದನ್ನು ಅಳೆದು, “ಬರೀ ಮೂರು ಡೆಸಿಬಲ್ ಇಳಿದಿದೆ, ಅಪ್ಪ” ಎಂದು ನಿರಾಶನಾದ. ಅಂಗಡಿಯಾತನ ಲಾಕರಿನ ಮೌನವೇನೂ ಬಂದಿರಲಿಲ್ಲ, ನಿಜ. ಮೂರು ಡೆಸಿಬಲ್ ಎಂದರೆ ಸದ್ದಿನ ಶಕ್ತಿ ಅರ್ಧವಾದಂತೆ. ಕಿವಿಗೆ ಅದು ಅರ್ಧವೆಂದು ತೋರುವುದಕ್ಕೆ ಮಾತ್ರ ಹತ್ತು ಡೆಸಿಬಲ್ಲಾದರೂ ಇಳಿಯಬೇಕು. ಆದರೆ ತಗಡುಗಳ ಗುಂಯ್‌ಗುಡುವಿಕೆ ಹೋಗಿತ್ತು, ಗದ್ದಲದ ಗುಣ ಮೆತ್ತಗಾಗಿತ್ತು. ಕುಂಬಳಗೋಡು ದಾಟಿತು, ಬಿಡದಿಯೂ ಪಕ್ಕದಲ್ಲಿ ಸರಿದುಹೋಯಿತು. ನಾನು ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಡಬ್ಬಿ ಹೊರಗೆ ಬರಲಿಲ್ಲ.

ಯಾರೂ ಏನೂ ಹೇಳಲಿಲ್ಲ. ಚನ್ನಪಟ್ಟಣದ ಆಸುಪಾಸಿನಲ್ಲಿ ಅಮ್ಮ ಮುಂದಕ್ಕೆ ಬಾಗಿ, “ಅದೇನೋ ಅದು, ಮುಂದ್ಗಡೆ ಕಟಕಟ ಅಂತಿದೆ?” ಎಂದರು. ನಾವು ಮೂವರೂ ಕಿವಿಗೊಟ್ಟೆವು. ಹೌದು, ಡ್ಯಾಷ್‌ಬೋರ್ಡಿನ ಖಾನೆಯ ಮುಚ್ಚಳ ಸಣ್ಣಗೆ ಅಲುಗುತ್ತಿತ್ತು. ದೊಡ್ಡ ಸದ್ದು ಇಳಿದ ಮೇಲೆ ಇಂಥ ಚಿಲ್ಲರೆ ಸದ್ದುಗಳು ಹೊರಬೀಳುವುದು ಸ್ವಾಭಾವಿಕ. ನನ್ನ ಪತ್ನಿ ಮೈಸೂರಿನವರೆಗೂ ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡು, ಚನ್ನಪಟ್ಟಣದ ಗೊಂಬೆಯಂಗಡಿಯೊಂದರಲ್ಲಿ ನಮ್ಮ ಅಜ್ಜ ಮಾಡಿದ ಚೌಕಾಸಿಯ ಕಥೆಯನ್ನು ಕೇಳುತ್ತ ಬಂದಳು. ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಮನೆಯ ಹತ್ತಿರ ಬಟ್ಟೆಯ ಟೇಪು ತಂದು ಮುಚ್ಚಳದ ಅಂಚಿಗೆ ಅಂಟಿಸಿದೆ. ಇಪ್ಪತ್ತು ರೂಪಾಯಿಯ ಕೆಲಸ.