ಇಳಿದು ನೋಡುವ ಸೀಮೆ

ಬೀದರ ಸೀಮೆಯ ಬೇಸಿಗೆಯನ್ನು ಕಾರಿನ ಕಿಟಕಿಯಿಂದ ಕಂಡವರು ಇದನ್ನು ಮರುಭೂಮಿ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ತೊಗರಿ ಕೊಯ್ದ ಹೊಲಗಳು ಬಾಯಿ ಬಿಟ್ಟು ಬಿದ್ದಿರುತ್ತವೆ, ಜಂಬಿಟ್ಟಿಗೆಯ ನೆಲ ಕಾದು ಕೆಂಪಗಾಗಿರುತ್ತದೆ, ಕಣ್ಣು ಹಾಯುವಷ್ಟು ದೂರಕ್ಕೆ ನೆರಳೆಂದರೆ ಒಂದು ಬೇವಿನ ಮರ. ಆದರೆ ಈ ಸೀಮೆ ಓಡುವ ಗಾಡಿಗೆ ಮುಖ ತೋರಿಸುವುದಿಲ್ಲ. ಇಳಿಯಬೇಕು.

ಕಾಕಾನೂ ನಾನೂ ಬೀದರಿನಿಂದ ಹೊರಟದ್ದು ಭಾಲ್ಕಿಯ ಮೇಲೆ ಹಾಯ್ದು ಔರಾದಿಗೆ. ಚಹಾ ಅಂಗಡಿಯ ಮುತ್ಯಾ, "ಅಷ್ಟೂರ ನೋಡೀರೇನ್ರೀ? ಇಷ್ಟ್ ಬಂದು ಅದನ್ನ ಬಿಟ್ಟ್ ಹೋದ್ರ ಹ್ಯಾಂಗ?" ಅಂದದ್ದೇ ತಡ, ಪಡುವಣಕ್ಕೆ ಹೋಗಬೇಕಾದ ಗಾಡಿ ಮೂಡಣಕ್ಕೆ ತಿರುಗಿತು.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅವರಲ್ಲೊಬ್ಬನಾದ ಹುಮಾಯೂನನ ಗೋರಿಯ ಗುಮ್ಮಟ ಸಿಡಿಲು ಬಡಿದು ಅರ್ಧ ಉದುರಿಹೋಗಿದೆ. ಉಳಿದರ್ಧದಲ್ಲಿ ಗೋಡೆಯ ದಪ್ಪ, ಕಮಾನಿನ ಬಾಗು, ಗುಮ್ಮಟ ಏಳುವ ಬಗೆ ಎಲ್ಲವೂ ಬಯಲಾಗಿ, ಕಟ್ಟಿದ ಗೌಂಡಿಗಳ ಲೆಕ್ಕಾಚಾರವೇ ಕಣ್ಣಿಗೆ ಬೀಳುತ್ತದೆ. ಇಡೀ ಗುಮ್ಮಟಗಳಿಗಿಂತ ನನಗೆ ಇದೇ ಹೆಚ್ಚು ಹಿಡಿಸಿತು. 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗೋರಿಯೊಳಗೆ ಹೊಕ್ಕಾಗ ಮೊದಲು ಬರೀ ಕತ್ತಲೆ. ಕಣ್ಣು ಪಳಗಿದಂತೆಲ್ಲ ಬಂಗಾರದ ಅಕ್ಷರ, ಸಿಂಧೂರದ ಕೆಂಪು, ಬಳ್ಳಿಗಳ ಸುತ್ತು ಒಂದೊಂದಾಗಿ ಮೇಲೆ ಮೂಡಿದವು. ಮುಸ್ಲಿಮರಿಗೆ ಇವನು ವಲಿ, ಇಲ್ಲಿಗೆ ನಡೆದುಕೊಳ್ಳುವ ಲಿಂಗಾಯತರಿಗೆ ಅಲ್ಲಮಪ್ರಭು. ಜಾತ್ರೆ ಇಬ್ಬರದೂ.

ಮರಳಿ ಪಡುವಣಕ್ಕೆ ಬರುವಾಗ ನೌಬಾದಿನಲ್ಲಿ ಮತ್ತೆ ಇಳಿದೆವು. ಇಲ್ಲಿನ ಜನ ಸುರಂಗ ಬಾವಿ ಅನ್ನುವ ಕರೇಜ್ ಇರುವುದು ಇಲ್ಲೇ. ಇರಾನಿನ ವಿದ್ಯೆ, ಬಹಮನಿಗಳ ಕಾಲದ್ದು. ಬೀದರಿನ ಜಂಬಿಟ್ಟಿಗೆ ತೂತುತೂತಿನ ಕಲ್ಲು. ಬಿದ್ದ ಮಳೆಯನ್ನು ಕುಡಿದು ಕೆಳಗಿಳಿಸುತ್ತದೆ. ಅಡಿಯ ಗಟ್ಟಿ ಪದರ ಆ ನೀರನ್ನು ತಡೆದು ಬದಿಗೆ ಹರಿಸುತ್ತದೆ. ನಾನಕ್ ಝೀರಾ ಗುರುದ್ವಾರದ ಸಿಹಿನೀರು, ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟ ಮುಳುಗಿ ನಡೆಯುವ ನೀರು ಈ ನೆಲ ಬಚ್ಚಿಟ್ಟುಕೊಂಡದ್ದೇ. ಆ ಗುಟ್ಟು ತಿಳಿದವರು ನೆಲದೊಳಗೆ ಕಿಲೋಮೀಟರುಗಟ್ಟಲೆ ಸುರಂಗ ಕೊರೆದು, ಗಾಳಿ ಬೆಳಕಿಗೆ ಉದ್ದಕ್ಕೂ ಬಾವಿಗಳನ್ನು ಇಳಿಸಿದರು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿನ ಬಲದಿಂದಲೇ ನೀರು ಊರಿಗೆ ನಡೆದು ಬರುತ್ತಿತ್ತು. ಒಂದು ಬಾವಿಯ ಅಂಚಿನಲ್ಲಿ ಬಗ್ಗಿದೆ. ಉರಿಬಿಸಿಲಲ್ಲಿ ಮುಖಕ್ಕೆ ತಣ್ಣನೆಯ ಹಸಿಗಾಳಿ ಬಡಿಯಿತು. ಇಂಥ ಬಾವಿಗಳಿಗೆ ಕಸ ಮಣ್ಣು ಸುರಿದು ಮುಚ್ಚಿದ ನಮ್ಮ ಕಾಲದ ಬಗ್ಗೆ ನನಗೆ ಸಿಟ್ಟಿದೆ.

ಭಾಲ್ಕಿ ಮುಟ್ಟುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ರೊಟ್ಟಿ, ಪುಂಡಿಪಲ್ಯ ಉಂಡು ಹಿರೇಮಠಕ್ಕೆ ಹೋದೆವು. ನಿಜಾಮರ ಆಳ್ವಿಕೆಯಲ್ಲಿ ಈ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಸುರಂಗ ಬಾವಿಯ ನೀರಿನಂತೆ ಕನ್ನಡವೂ ಇಲ್ಲಿ ಕಣ್ಣಿಗೆ ಬೀಳದೆ ಹರಿದು, 1956ರಲ್ಲಿ ಬೀದರ ಕನ್ನಡನಾಡಿಗೆ ಸೇರುವವರೆಗೂ ಬತ್ತದೆ ಉಳಿಯಿತು. ಮಕ್ಕಳು ಅಲ್ಲಿ ಜೋರಾಗಿ ಓದುತ್ತಿದ್ದರೆ ಕೇಳುತ್ತ ನಿಲ್ಲುವುದೇ ಒಂದು ಸುಖ.

ಮಾಂಜ್ರಾ ದಾಟಿದರೆ ಔರಾದ ತಾಲ್ಲೂಕು, ಕರ್ನಾಟಕದ ಉತ್ತರದ ತುದಿ. ಮೂರು ರಾಜ್ಯ ಕೂಡುವ ಇಲ್ಲಿ ಒಂದೇ ಕಟ್ಟೆಯ ಮೇಲೆ ಕನ್ನಡ, ಮರಾಠಿ, ತೆಲುಗು, ದಖನಿ ಮಾತು ಕೇಳುತ್ತವೆ. ರಸ್ತೆ ಬದಿ ಬೇವಿನಡಿ ದೇವಣಿ ತಳಿಯ ಎತ್ತಿನ ಜೋಡಿ ಕಟ್ಟಿದ್ದ ರೈತನನ್ನು ಕಂಡು ಕಾಕಾ ತಾವಾಗಿಯೇ ಗಾಡಿ ನಿಲ್ಲಿಸಿದರು. ಬಿಳಿ ಮೈ, ಕಪ್ಪು ಮಚ್ಚೆ, ಜೋತುಬಿದ್ದ ಗಂಗೆದೊಗಲು. ಮಚ್ಚೆಯಿದ್ದರೆ ಒಂದು ಹೆಸರು, ಮುಖ ಮಾತ್ರ ಕಪ್ಪಾದರೆ ಇನ್ನೊಂದು, ಪೂರಾ ಬಿಳಿಯಾದರೆ ಮತ್ತೊಂದು ಎಂದು ಆತ ಎತ್ತಿನ ಬೆನ್ನು ಸವರುತ್ತ ಬಿಡಿಸಿ ಹೇಳಿದ. "ಖರೇ ದನಾ ನೋಡ್ಬೇಕಂದ್ರ ಅಮರೇಶ್ವರ ಜಾತ್ರಿಗಿ ಬರ್ರಿ," ಅಂದ. ಬರುತ್ತೇವೆ ಅಂದೆವು. ಕಾಕಾ ಆಗಲೇ ಯಾವ ದಾರಿಯಿಂದ ಎಂದು ಅವನನ್ನು ಕೇಳತೊಡಗಿದ್ದರು.