ಕೂತಲ್ಲಿ ಕೂರದ ಪದ

ಗೊತ್ತಿಲ್ಲದ ಪದ ಎದುರಾದಾಗ ಜನ ನಿಘಂಟು ತೆರೆಯುತ್ತಾರೆ. ನಾನು ಗೊತ್ತಿರುವ ಪದಕ್ಕೇ ತೆರೆಯುತ್ತೇನೆ. ಮಧ್ಯಾಹ್ನದ ಊಟವಾಗಿ ಮನೆಯವರೆಲ್ಲ ಒಂದು ನಿದ್ದೆ ತೆಗೆಯುವ ಹೊತ್ತಿಗೆ ದಪ್ಪ ಪುಸ್ತಕವನ್ನು ದಿಂಬಿನ ಮೇಲಿಟ್ಟುಕೊಂಡು, ಶಾಲೆ ಮಕ್ಕಳಿಗೂ ಗೊತ್ತಿರುವಂಥ ಒಂದು ಪದವನ್ನು ಮೊದಲ ಅರ್ಥದಿಂದ ಕೊನೆಯ ಅರ್ಥದವರೆಗೆ ಬೆರಳಿಟ್ಟು ಓದುತ್ತಾ ಹೋಗುವುದೆಂದರೆ ನನಗೆ ಪಂಚಪ್ರಾಣ. ಅಪರೂಪದ ಪದಗಳು ಎರಡು ಸಾಲಿಗೆ ಮುಗಿದುಹೋಗುತ್ತವೆ. ದಿನವೂ ಬಾಯಲ್ಲಿ ಸವೆಯುವ ಸಣ್ಣ ಪದಗಳದ್ದೇ ದೊಡ್ಡ ಸಂಸಾರ.

ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಇಂಗ್ಲಿಷಿನ ‘ಸೆಟ್’. ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂದಾಗ ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಇದಕ್ಕೇ: 430ಕ್ಕೂ ಹೆಚ್ಚು ಅರ್ಥಗಳು, ಸುಮಾರು 60,000 ಪದಗಳು. ಒಂದು ಕಾದಂಬರಿಯೇ ಆಯಿತು. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿದೆ. ಅದನ್ನು ಸಿದ್ಧಪಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತಂತೆ. ಒಂದೇ ಪದದ ಜೊತೆ ಒಂಬತ್ತು ತಿಂಗಳು! ಎಂಥ ಪುಣ್ಯ.

ಆದರೂ ನನ್ನ ಮನಸ್ಸು ಸೆಟ್ ಕಡೆಗೇ. ಅದರ ಬೇರು ಅಷ್ಟು ಸರಳ. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ಇಷ್ಟು ಹಿಡಿದುಕೊಂಡರೆ ಕನ್ನಡಿಗನಿಗೆ ಅರ್ಧ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಅವರು ಉಂಗುರಕ್ಕೆ ಹರಳು ಸೆಟ್ ಮಾಡಿದರೆ ನಾವು ಹರಳು ಕೂರಿಸುತ್ತೇವೆ. ಮುರಿದ ಮೂಳೆಯನ್ನು ಅವರೂ ಕೂರಿಸುತ್ತಾರೆ, ನಾವೂ ಕೂರಿಸುತ್ತೇವೆ. ದಸರೆಗೆ ಗೊಂಬೆ ಕೂರಿಸುವ, ಚೌತಿಗೆ ಗಣಪತಿ ಕೂರಿಸುವ ನಮಗೆ ಈ ಕ್ರಿಯಾಪದದ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಸ್ತುವನ್ನು ಅದರ ಜಾಗಕ್ಕೆ ಸೇರಿಸಿ, ಇನ್ನು ಅಲುಗಬಾರದು ಎಂದು ನೋಡಿಕೊಳ್ಳುವುದು. ಗಡಿಯಾರಕ್ಕೆ ಅಲಾರಂ ಇಡುವುದು, ಸರಕಿಗೆ ಬೆಲೆ ಕಟ್ಟುವುದು, ಇಲಿಗೆ ಬೋನು ಒಡ್ಡುವುದು, ಸಿಮೆಂಟು ಗಟ್ಟಿಯಾಗುವುದು, ಎಲ್ಲದರಲ್ಲೂ ಆ ಕೂರಿಸುವಿಕೆ ಇದೆ.

ಸೂರ್ಯ ಮುಳುಗುವುದಕ್ಕೂ ಇದೇ ಪದ ಏಕೆ ಎಂಬ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿತ್ತು. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಪದವಿತ್ತೆಂದು ತಿಳಿದಾಗ ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ. ಸೆಟ್ಲ್ ಎಂದರೆ ಆಸನ, ಗಾಂಗ್ ಎಂದರೆ ಹೋಗುವುದು. ದಿನವಿಡೀ ನಡೆದ ಸೂರ್ಯ ಸಂಜೆಗೆ ತನ್ನ ಪೀಠಕ್ಕೆ ಹೋಗುತ್ತಾನೆ! ಅಂಥ ಒಂದು ಪದಕ್ಕಾಗಿ ಎಷ್ಟು ಪುಟಗಳನ್ನಾದರೂ ತಿರುಗಿಸಬಹುದು. ಹೀಗೆ ಕೂರಿಸುವ ಪದವೇ ಮುಂದೊಂದು ‘ಔಟ್’ ಬಂದರೆ ಪ್ರಯಾಣ ಹೊರಡುತ್ತದೆ. ಸಣ್ಣದೊಂದು ಒತ್ತು ಸೇರಿದ್ದಕ್ಕೆ ಕೂತದ್ದು ಎದ್ದು ನಡೆಯುವುದು ಇಂಗ್ಲಿಷಿನ ಬೆಡಗು.

ನಾಮಪದದ ಕಥೆಯೇ ಬೇರೆ. ಗುಂಪು, ಜೊತೆ ಎಂಬ ಅರ್ಥದ ಸೆಟ್ ಹಳೆಯ ಫ್ರೆಂಚ್ ದಾರಿಯಲ್ಲಿ ಬಂದದ್ದು. ಅದರ ಹಿಂದಿರುವುದು ಹಿಂಬಾಲಕರ ಪಂಗಡವೆಂಬ ಅರ್ಥದ ಲ್ಯಾಟಿನ್ ‘ಸೆಕ್ಟಾ’. ಪಂಥವನ್ನು ಹೇಳುವ ‘ಸೆಕ್ಟ್’ ಇದರ ಒಡಹುಟ್ಟು. ಉಚ್ಚಾರ ಒಂದೇ ಆದದ್ದರಿಂದ ಎರಡು ಬೇರಿನ ಪದಗಳು ಕಾಲಕ್ರಮೇಣ ಬೆರೆತುಹೋದವು. ಒಂದರ ಮೇಲೊಂದು ಮಲಗಿ ಬರುವ ಸೆಟ್ ದೋಸೆ, ಮೋಟಾರೂ ಪಂಪೂ ಜೋಡಿಯಾದ ಪಂಪ್‌ಸೆಟ್, ಗಣಿತದ ಮೇಷ್ಟ್ರು ‘ಗಣ’ ಎಂದು ಕಲಿಸುವ ಸೆಟ್, ಎಲ್ಲ ಈ ಗುಂಪಿನವು. ಸಿನಿಮಾದವರು ಹಾಕುವ ಸೆಟ್ ಮಾತ್ರ ಕೂರಿಸುವ ಕಡೆಯದು.

ಆಕ್ಸ್‌ಫರ್ಡ್ ನಿಘಂಟಿಗೆ ಓದುಗರು ತಾವು ಕಂಡ ಪ್ರಯೋಗಗಳನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಅದರ ಸಂಪಾದಕ ಜೇಮ್ಸ್ ಮರ್ರೆ ಆ ಚೀಟಿಗಳನ್ನು ಗೂಡುಗೂಡಾಗಿ ವಿಂಗಡಿಸಿಡುತ್ತಿದ್ದರು. ನಾನೂ ಕನ್ನಡದ ಬಾಯಿಗೆ ಬಿದ್ದ ಸೆಟ್‌ಗೆ ಹಾಗೇ ಚೀಟಿ ಬರೆದಿಡುತ್ತೇನೆ. ಎರಡು ಬೇರಿಗೆ ಎರಡು ಡಬ್ಬಿ. ‘ಆ ಸಂಬಂಧ ಸೆಟ್ ಆಯ್ತು’, ‘ಈ ಊರು ನಂಗೆ ಸೆಟ್ ಆಗಲ್ಲ’ ಎಂಬವು ಮೊದಲನೆಯ ಡಬ್ಬಿಗೆ. ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ, ಕೊಟ್ಟ ಕಡಲೆಬೀಜವನ್ನು ಬೇಡವೆನ್ನುತ್ತಾ, ‘ಹಲ್ಲಿನ ಸೆಟ್ ಇನ್ನೂ ಸೆಟ್ ಆಗಿಲ್ಲ ಕಣಪ್ಪ’ ಎಂದರು. ಇಳಿಯುವಷ್ಟರಲ್ಲಿ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಮನೆಗೆ ಬಂದು ಅದನ್ನೇ ಎರಡು ಚೀಟಿ ಮಾಡಿ ಎರಡೂ ಡಬ್ಬಿಗೆ ಹಾಕಿದೆ.